ಎಲ್ಲ ಓದಿದ, ಏನೂ ಹೊಳೆಯದ ಮನುಷ್ಯ

ಸೇತುರಾಮ ಫೈಲನ್ನು ನನ್ನ ಮುಂದೆ ತಳ್ಳಿ, "ಬದರಿನಾಥ್ ಸಾರ್, ಇದು ನಿಮಗೇ ಅಂತ ಬಂದಿರೋ ಹಾಗಿದೆ" ಎಂದಾಗ ನನಗೆ ಖುಷಿಯೇ ಆಯಿತು. ಸೇತುರಾಮ ಪೇಟೆಂಟ್ ವಕೀಲ. ಅವನ ಕಚೇರಿ ಜೆ.ಪಿ. ನಗರ ಮೂರನೇ ಫೇಸಿನಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿತ್ತು. ಅಮೆರಿಕದ ವಕೀಲರು ಅವನಿಗೆ ಕೆಲಸ ಕಳಿಸುತ್ತಿದ್ದರು, ಅವನು ನನ್ನಂಥವರಿಗೆ ಹಂಚುತ್ತಿದ್ದ. ನಾನು ಸರ್ಕಾರಿ ಚಿಪ್ ಕಾರ್ಖಾನೆಯೊಂದರಿಂದ ವಿ.ಆರ್.ಎಸ್. ತೆಗೆದುಕೊಂಡು ಮನೆಯಲ್ಲಿ ಕೂತು ಹೆಂಡತಿಗೆ ಅಡ್ಡವಾಗಿದ್ದವನು. ಜಯನಗರ ಏಳನೇ ಬ್ಲಾಕಿನಿಂದ ಬೆಳಿಗ್ಗೆ ನಡೆದುಕೊಂಡೇ ಹೋಗಿ, ಯಾರದೋ ಪೇಟೆಂಟ್ ಓದಿ, ಅದರಲ್ಲಿ ನಿಜವಾಗಿ ಹೊಸತು ಇದೆಯೋ ಅಥವಾ ಯಾರಿಗೆ ಬೇಕಾದರೂ ಹೊಳೆಯುವಂಥದ್ದೋ ಎಂದು ಬರೆದುಕೊಡುತ್ತಿದ್ದೆ. ಬೇರೆಯವರ ಜಾಣತನದಲ್ಲಿ ತೂತು ಹುಡುಕುವ ಕೆಲಸ. ನನ್ನ ಸ್ವಭಾವಕ್ಕೆ ಇದಕ್ಕಿಂತ ಒಪ್ಪುವ ಕೆಲಸ ಇನ್ನೊಂದಿಲ್ಲ ಎಂದು ನನ್ನ ಹೆಂಡತಿ ವಾರಿಜಾ ಬಂದವರಿಗೆಲ್ಲ ಹೇಳುತ್ತಿದ್ದಳು.

ಇದಕ್ಕೆ ಕಾನೂನು ಇಟ್ಟಿರುವ ಅಳತೆಗೋಲು ವಿಚಿತ್ರವಾಗಿದೆ. ಆ ಕಸುಬು ಬಲ್ಲ ಒಬ್ಬ ಸಾಧಾರಣ ಮನುಷ್ಯನನ್ನು ನಾವು ಕಲ್ಪಿಸಿಕೊಳ್ಳಬೇಕು. ಅವನು ಆ ಕಸುಬಿನ ಬಗ್ಗೆ ಜಗತ್ತಿನಲ್ಲಿ ಅಚ್ಚಾದದ್ದನ್ನೆಲ್ಲ ಓದಿದ್ದಾನೆ, ಒಂದನ್ನೂ ಮರೆತಿಲ್ಲ. ಆದರೆ ಸ್ವಂತವಾಗಿ ಅವನಿಗೆ ಏನೂ ಹೊಳೆಯುವುದಿಲ್ಲ. ಅಂಥವನಿಗೂ ಇದು ಹೊಳೆಯುತ್ತಿತ್ತು ಎಂದು ತೋರಿಸಿದರೆ ಪೇಟೆಂಟ್ ಬಿದ್ದುಹೋಗುತ್ತದೆ. ಸೇತುರಾಮ ಮೊದಲ ದಿನ ಇದನ್ನು ವಿವರಿಸಿದಾಗ ನಾನು ನಕ್ಕಿದ್ದೆ. ನಮ್ಮ ಕಾರ್ಖಾನೆಯಲ್ಲಿ ಅಂಥವರು ಡಿಪಾರ್ಟ್‌ಮೆಂಟಿಗೊಬ್ಬರಂತೆ ಇದ್ದರು, ಹೆಚ್ಚಿನವರು ಮ್ಯಾನೇಜರುಗಳಾಗಿದ್ದರು.

ಅದು 2005ರ ದಸರೆಗೆ ಸ್ವಲ್ಪ ಮುಂಚೆ. ಫೈಲಿನಲ್ಲಿದ್ದ ಪೇಟೆಂಟ್ ನನ್ನದೇ ಕಸುಬಿನದು. ಚಿಪ್ ಮಾಡುವಾಗ ಸಿಲಿಕಾನಿನ ತೆಳು ಬಿಲ್ಲೆಯ ಮೇಲೆ ಉಳಿಯಬೇಕಾದ ಜಾಗಕ್ಕೆಲ್ಲ ರೆಸಿಸ್ಟ್ ಎಂಬ ಪದಾರ್ಥದ ಮುಸುಕು ಹಾಕುತ್ತೇವೆ, ಮುಸುಕಿಲ್ಲದ ಕಡೆ ಕೊರೆಯುತ್ತೇವೆ. ದೇವರ ಪೀಠದ ಹಾಗೆ ಮೆಟ್ಟಿಲಿರುವ ಆಕಾರ ಬೇಕಾದರೆ ಮೊದಲ ಮುಸುಕನ್ನು ತೊಳೆದು ತೆಗೆದು, ಅದಕ್ಕಿಂತ ಸ್ವಲ್ಪ ಚಿಕ್ಕದಾದ ಎರಡನೇ ಮುಸುಕನ್ನು ಸರಿಯಾಗಿ ನಡುವಿಗೆ ಕೂರಿಸಿ, ಮತ್ತೆ ಕೊರೆಯಬೇಕು. ಆ ಕೂರಿಸುವುದರಲ್ಲೇ ಎಲ್ಲರ ಪ್ರಾಣ ಹೋಗುವುದು. ಕೂದಲೆಳೆಯ ನೂರರಲ್ಲೊಂದು ಪಾಲು ಸರಿದರೂ ಮೆಟ್ಟಿಲು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಈ ಪೇಟೆಂಟ್ ಹೇಳುತ್ತಿದ್ದದ್ದು, ಎರಡನೇ ಮುಸುಕೇ ಬೇಡ ಎಂದು. ಮೊದಲ ಮುಸುಕನ್ನು ಹಾಗೇ ಬಿಟ್ಟು ಆಮ್ಲಜನಕದ ಪ್ಲಾಸ್ಮಾ ಯಂತ್ರದೊಳಗೆ ಒಂದಿಷ್ಟು ಹೊತ್ತು ಇಟ್ಟರೆ ಅದು ಸುತ್ತಲೂ ಒಂದೇ ಸಮನಾಗಿ ಸವೆದು ಚಿಕ್ಕದಾಗುತ್ತದೆ. ಆಮೇಲೆ ಕೊರೆದರೆ ಮೆಟ್ಟಿಲು ಎಲ್ಲ ಬದಿಗೂ ಸಮನಾಗಿ ತಾನೇ ಬರುತ್ತದೆ. ಕೂರಿಸುವ ತಾಪತ್ರಯವೇ ಇಲ್ಲ.

"ಅಮೆರಿಕದ ಪಾರ್ಟಿ ಇದನ್ನ ಬಳಸ್ಬೇಕು ಅಂತಿದಾರೆ. ಪೇಟೆಂಟ್ ಆಬ್ವಿಯಸ್ ಅಂತ ಬಂದ್ರೆ ಅವ್ರಿಗೆ ದಾರಿ ಸಲೀಸು" ಎಂದ ಸೇತುರಾಮ. "ಮಾಡಿರೋರು ನಮ್ಮ ಬೆಂಗಳೂರಿನ ಒಂದು ಚಿಕ್ಕ ಕಂಪನಿ. ಅವ್ರ ಹತ್ರ ಇರೋದು ಇದೊಂದೇ ಪೇಟೆಂಟ್. ಹೆಸರು ನೋಡಿ, ಪರಿಚಯ ಇದೆಯಾ?"

ನೋಡಿದೆ. ಸಂಶೋಧಕರು: ಶೈಲಶ್ರೀ ಕರೆಪ್ಪ ಮುಧೋಳ. ಅವಳೊಬ್ಬಳದೇ ಹೆಸರು.

"ಎಲ್ಲೋ ಕೇಳಿದ ಹಾಗಿದೆ" ಎಂದೆ. ಕೆಳಗಿನ ಬೇಕರಿಯಿಂದ ಖಾರಾ ಬನ್ನಿನ ವಾಸನೆ ಬರುತ್ತಿತ್ತು. ದಿನಾ ಹಸಿವಾಗುವ ಹೊತ್ತು ಅದು, ಆದರೆ ಅವತ್ತು ಹೊಟ್ಟೆಯಲ್ಲಿ ಬರೀ ಉರಿ.

ಶೈಲಶ್ರೀಗೆ ಕೆಲಸ ಕಲಿಸಿದವನೇ ನಾನು. ಬಾಗಲಕೋಟೆ ಕಡೆಯಿಂದ ಬಂದು, ಬಿ.ಟಿ.ಎಂ. ಲೇಔಟಿನಲ್ಲಿ ಗೆಳತಿಯರ ಜೊತೆ ಒಂದು ರೂಮು ಹಿಡಿದುಕೊಂಡು, ಎರಡು ಬಸ್ಸು ಬದಲಿಸಿ ಕಾರ್ಖಾನೆಗೆ ಬರುತ್ತಿದ್ದಳು. ಬಿಳಿ ಗೌನು ಹಾಕಿಕೊಳ್ಳುವುದರಿಂದ ಹಿಡಿದು ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ಮುಸುಕಿನ ಮೇಲೆ ಮುಸುಕು ಕೂರಿಸುವ ತನಕ ಎಲ್ಲ ಹೇಳಿಕೊಟ್ಟೆ. ಆ ಕೂರಿಸುವ ಕೆಲಸದಲ್ಲಿ ನನ್ನನ್ನು ಮೀರಿಸಿದವರು ಇರಲಿಲ್ಲ. 'ಅಲೈನ್‌ಮೆಂಟ್ ಬದರಿ' ಎಂದೇ ನನ್ನನ್ನು ಕರೆಯುತ್ತಿದ್ದರು. ದೆಹಲಿಯಿಂದ ಯಾರೇ ಬಂದರೂ ನನ್ನ ಟೇಬಲ್ಲಿನ ಮುಂದೆ ನಿಲ್ಲಿಸಿ ತೋರಿಸುತ್ತಿದ್ದರು. ಈಗ ಇವಳು ಆ ಟೇಬಲ್ಲೇ ಬೇಡವೆಂದು ಪೇಟೆಂಟ್ ತೆಗೆದುಕೊಂಡು ಕೂತಿದ್ದಾಳೆ.

ಉರಿಗೆ ಇನ್ನೂ ದೊಡ್ಡ ಕಾರಣವಿತ್ತು. ಅವಳ ಈ ಸವೆಯುವ ಮುಸುಕು ಹುಟ್ಟಿದ್ದು ಎಲ್ಲಿ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. 1993ರ ಆಯುಧಪೂಜೆಯ ದಿನ, ನನ್ನ ಲ್ಯಾಬಿನಲ್ಲಿ.

ಚಿಪ್ ಮಾಡುವ ಕೋಣೆಯೊಳಗೆ ಒಂದು ಕಣ ಧೂಳೂ ಹೋಗುವಂತಿಲ್ಲ, ಇನ್ನು ಅರಿಶಿನ ಕುಂಕುಮ ಬೂದುಗುಂಬಳದ ಮಾತೆಲ್ಲಿ. ಹಾಗಾಗಿ ನಮ್ಮಲ್ಲಿ ಪೂಜೆ ಹೊರಗಿನ ಕಾರಿಡಾರಿನಲ್ಲಿ ನಡೆಯುತ್ತಿತ್ತು. ಗಾಜಿನಾಚೆ ಯಂತ್ರಗಳು, ಈಚೆ ನಾವು ಮತ್ತು ಪುರೋಹಿತರು. ಅವತ್ತು ಪ್ಲಾಸ್ಮಾ ಯಂತ್ರದ ಮುಂದಿದ್ದ ಗಂಗಾಧರಯ್ಯ ಬಿಲ್ಲೆಗಳನ್ನು ಒಂದು ಗಳಿಗೆ ಶುಚಿ ಮಾಡಲೆಂದು ಒಳಗಿಟ್ಟಿದ್ದ. ಮಂಗಳಾರತಿಗೆ ಕರೆದರು, ಎದ್ದು ಬಂದ. ಆಮೇಲೆ ಪ್ರಸಾದದ ಚರ್ಪು, ಸಿಹಿ, ಎಲ್ಲರ ಸ್ಕೂಟರುಗಳಿಗೆ ನಿಂಬೆಹಣ್ಣು. ವಾಪಸು ಹೋಗುವಷ್ಟರಲ್ಲಿ ಬಿಲ್ಲೆಗಳ ಮೇಲಿನ ಮುಸುಕೆಲ್ಲ ಸವೆದು ಸಣ್ಣದಾಗಿತ್ತು. ಇಡೀ ಲಾಟು ದಂಡ.

ನಾನು ಕೂಗಾಡಿದೆ. ಶೈಲಶ್ರೀ ಮಾತ್ರ ಒಂದು ಬಿಲ್ಲೆಯನ್ನು ಮೈಕ್ರೋಸ್ಕೋಪಿಗಿಟ್ಟು ನೋಡುತ್ತ ಕೂತಳು. "ಸರ್, ನಾಕೂ ಕಡಿ ಒಂದ ಸಮ ಸವದೈತ್ರಿ" ಎಂದಳು.

"ಒಂದೇ ಸಮ ಹಾಳಾಗಿದೆ ಅಂತ ಸಂತೋಷ ಪಡ್ಬೇಕೇನಮ್ಮ? ಬಿಸಾಕು ಅದನ್ನ" ಎಂದೆ.

ಮುಂದಿನ ವರ್ಷದ ಆಯುಧಪೂಜೆಗೆ ಮೊದಲು ನನ್ನ ಸಹಿಯಲ್ಲಿ ಒಂದು ಸುತ್ತೋಲೆ ಹೊರಟಿತು. ಪೂಜೆಗೆ ಮುಂಚೆ ಎಲ್ಲ ಯಂತ್ರಗಳ ಮೇನ್ ಸ್ವಿಚ್ಚು ಆಫ್ ಮಾಡತಕ್ಕದ್ದು. ಅದನ್ನು ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕಿದರು. ಆ ಸವೆತದ ಅಳತೆಗಳನ್ನೆಲ್ಲ ಸೇರಿಸಿ ನಾನು ಒಂದು ಸಮ್ಮೇಳನದಲ್ಲಿ ಪ್ರಬಂಧವನ್ನೂ ಓದಿದೆ. ಶೈಲಶ್ರೀ ಕೆಲವು ವರ್ಷಕ್ಕೆ ಕೆಲಸ ಬಿಟ್ಟು, ಕನಕಪುರ ರಸ್ತೆಯ ಕಡೆ ರಕ್ತದೊತ್ತಡ ಅಳೆಯುವ ಸೆನ್ಸರ್ ಮಾಡುವ ಒಂದು ಸಣ್ಣ ಕಂಪನಿ ಸೇರಿದಳು. ಪ್ರತಿ ವರ್ಷ ಆಯುಧಪೂಜೆಗೆ ಫೋನು ಮಾಡಿ ಕರೆಯುತ್ತಿದ್ದಳು. ನಾನು ಪ್ರತಿ ವರ್ಷ ಏನೋ ಒಂದು ನೆಪ ಹೇಳುತ್ತಿದ್ದೆ.

ಫೈಲು ಬಗಲಿಗೆ ಹಾಕಿಕೊಂಡು ಮನೆಗೆ ಬರುವಾಗ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಲ್ಯಾಬು ನನ್ನದು. ಬಿಲ್ಲೆ ನನ್ನದು. ತಪ್ಪು ಮಾಡಿದ ಆಪರೇಟರ್ ನನ್ನವನು. ಅಳತೆ ತೆಗೆದು ಅಚ್ಚು ಹಾಕಿಸಿದವನು ನಾನು. ಕೀರ್ತಿ ಅವಳಿಗೆ. ನನ್ನ ಹೆಸರಿನಲ್ಲಿ ಏಳನೇ ಬ್ಲಾಕಿನ ಮನೆ ಮತ್ತು ಒಂದು ಹಳೇ ಸ್ಕೂಟರ್ ಬಿಟ್ಟರೆ ಬೇರೆ ಏನಿತ್ತು? ಅವಳು ಕೆಟ್ಟವಳಾಗಿದ್ದರೆ ಎಷ್ಟೋ ಸಮಾಧಾನವಿರುತ್ತಿತ್ತು. ಆದರೆ ಇವತ್ತಿಗೂ ಕಂಡರೆ ಕಾಲು ಮುಟ್ಟಿ ನಮಸ್ಕಾರ ಮಾಡುವ ಹುಡುಗಿ ಅವಳು. ಅದಕ್ಕೇ ನನಗೆ ಇನ್ನೂ ಮೈಯೆಲ್ಲ ಉರಿಯುತ್ತಿತ್ತು.

ವಾರಿಜಾ ಹಾಲಿನಲ್ಲಿ ಬೊಂಬೆ ಕೂರಿಸಲು ಮೆಟ್ಟಿಲು ಜೋಡಿಸುತ್ತಿದ್ದಳು. ಅವಳನ್ನು ಕೂರಿಸಿ ಎಲ್ಲ ವಿವರಿಸಿದೆ, ಯಾರ ಪೇಟೆಂಟ್ ಎಂಬುದೊಂದನ್ನು ಬಿಟ್ಟು. ಅವಳು ಓದಿದ್ದು ಬಿ.ಎ., ಅದೂ ಇತಿಹಾಸ. ಅಂಥವಳಿಗೆ ಅರ್ಥವಾದರೆ ನನ್ನ ಕೆಲಸ ಅರ್ಧ ಆದಂತೆ ಎಂದುಕೊಂಡಿದ್ದೆ.

"ಅಂದ್ರೆ ಸೋಪು ಸವೆದ ಹಾಗೆ ಸುತ್ತಲೂ ಸವೆಯುತ್ತೆ. ದೊಡ್ಡದಿದ್ದಾಗ ಒಂದ್ಸಲ ಕೊರೆಯೋದು, ಸಣ್ಣಗಾದ್ಮೇಲೆ ಇನ್ನೊಂದ್ಸಲ. ಇಷ್ಟೇ ತಾನೇ?" ಎಂದಳು.

"ಇಷ್ಟೇ."

"ಇದಕ್ಕೆಲ್ಲ ಪೇಟೆಂಟ್ ಕೊಡ್ತಾರೇನ್ರೀ? ಇದು ಯಾರಿಗೆ ಬೇಕಾದ್ರೂ ಹೊಳೆಯುತ್ತೆ."

ನನಗೆ ಎಷ್ಟು ಆನಂದವಾಯಿತೆಂದರೆ, ಮೇಲಿನ ಮೆಟ್ಟಿಲಿಗೆ ಹಾಸುವ ಬಿಳಿ ಪಂಚೆಯನ್ನು ನಾನೇ ಎದ್ದು ಹಾಸತೊಡಗಿದೆ. ಮದುವೆಯಾದಾಗಿನಿಂದ ಆ ಕೆಲಸಕ್ಕೆ ಕೈ ಹಾಕಿದವನಲ್ಲ. ವಾರಿಜಾ ಪಟ್ಟದ ಬೊಂಬೆಗಳ ಬಟ್ಟೆ ಬಿಚ್ಚುತ್ತ, "ನೀವೂ ಇದನ್ನೇ ಅಲ್ವಾ ಮಾಡ್ತಿದ್ದದ್ದು, ಸರ್ವಿಸ್ ಪೂರ್ತಿ?" ಎಂದಳು.

"ಹೌದು."

"ಹಾಗಾದ್ರೆ ನಿಮಗ್ಯಾಕೆ ಹೊಳೀಲಿಲ್ಲ?"

ಪಂಚೆಯನ್ನು ಅಲ್ಲೇ ಬಿಟ್ಟು ಒಳಗೆ ಹೋದೆ. ಕಾಫಿಗೆ ಕರೆದಳು, ಬೇಡವೆಂದೆ. ಕೋಪ ಅವಳ ಮೇಲೆ ಬಂದಿದ್ದರೆ ಒಂದು ಗಂಟೆಯಲ್ಲಿ ಇಳಿಯುತ್ತಿತ್ತು. ಅದು ಅವಳ ಮೇಲೆ ಬಂದ ಕೋಪ ಅಲ್ಲದ್ದರಿಂದ ಇಳಿಯಲಿಲ್ಲ.

ಮರುದಿನಕ್ಕೆ ಉತ್ತರ ಸಿಕ್ಕಿತು. ನನಗೆ ಹೊಳೆದಿರಲಿಲ್ಲ ಎಂದು ಹೇಳುವವರು ಯಾರು? ನನ್ನ ಪ್ರಬಂಧವಿತ್ತಲ್ಲ. ಮುಸುಕು ಸುತ್ತಲೂ ಸಮನಾಗಿ ಸವೆಯುತ್ತದೆ ಎಂದು ಅಳತೆ ಸಮೇತ ತೋರಿಸಿದ ಪ್ರಬಂಧ. ಮೆಟ್ಟಿಲಿಗೆ ದೊಡ್ಡದೊಂದು ಚಿಕ್ಕದೊಂದು ಮುಸುಕು ಬೇಕೆಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ. ಎರಡನ್ನೂ ಸೇರಿಸಿದರೆ ಶೈಲಶ್ರೀಯ ಪೇಟೆಂಟ್. ಸೇರಿಸಲು ಎಷ್ಟು ಬುದ್ಧಿ ಬೇಕು? ಇದನ್ನು ಬರೆದರೆ ಒಂದೇ ಏಟಿಗೆ ಎರಡು ಕೆಲಸ. ಅವಳ ಪೇಟೆಂಟ್ ಬೀಳುತ್ತದೆ, ಬೀಳಿಸಿದ ಪ್ರಬಂಧದ ಮೇಲೆ ನನ್ನ ಹೆಸರು ಅಮೆರಿಕದ ತನಕ ಹೋಗುತ್ತದೆ.

ಸ್ಟೂಲು ಹಾಕಿಕೊಂಡು ಅಟ್ಟ ಹತ್ತಿದೆ. ಗೌರಿ-ಗಣೇಶನ ಮಂಟಪ, ಮಕ್ಕಳ ಮುರಿದ ಸೈಕಲ್ಲು, ತಾಮ್ರದ ಹಂಡೆ, ಇವುಗಳ ಹಿಂದೆ ಸಮ್ಮೇಳನದ ದಪ್ಪ ಪುಸ್ತಕ ಸಿಕ್ಕಿತು. ಧೂಳು ಒರೆಸಿ ಅಲ್ಲೇ ಬಗ್ಗಿ ಕೂತು ಓದಿದೆ. ಅಳತೆಯ ಪಟ್ಟಿ ಇತ್ತು. ನಾಲ್ಕೂ ಬದಿಗೆ ಸಮ. ನನ್ನ ಕೆಲಸದ ಅಚ್ಚುಕಟ್ಟು ನೋಡಿ ನನಗೇ ಹೆಮ್ಮೆಯಾಯಿತು. ಪುಟ ತಿರುಗಿಸಿದೆ.

ಕೊನೆಯ ಪುಟದಲ್ಲಿ ನಾನೇ ಬರೆದಿದ್ದೆ: "ಈ ಸವೆತವು ಶುದ್ಧ ದೋಷ. ಇದರಿಂದ ಯಾವ ಪ್ರಯೋಜನವೂ ಇಲ್ಲ. ಈ ಕ್ಷೇತ್ರದಲ್ಲಿ ದುಡಿಯುವ ಪ್ರತಿಯೊಬ್ಬರೂ ಇದನ್ನು ಸಂಪೂರ್ಣವಾಗಿ ತಪ್ಪಿಸತಕ್ಕದ್ದು."

ಇಷ್ಟು ವರ್ಷ ನನಗೆ ಅಳತೆಯ ಪಟ್ಟಿ ನೆನಪಿತ್ತು, ಈ ವಾಕ್ಯ ನೆನಪಿರಲಿಲ್ಲ. ಅದರ ಅರ್ಥವೇನೆಂದು ಸೇತುರಾಮನ ಕಚೇರಿಯಲ್ಲಿ ಮೂರು ವರ್ಷ ಕೂತವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹಳೆಯ ಬರಹವೊಂದು "ಈ ದಾರಿಗೆ ಹೋಗಬೇಡಿ" ಎಂದಿದ್ದರೆ, ಆ ದಾರಿಗೆ ಹೋಗಿ ಗೆದ್ದವರದು ಸುಲಭದ ಮಾತು ಎಂದು ಹೇಳುವಂತಿಲ್ಲ. ಅವಳ ಪೇಟೆಂಟಿಗೆ ಜಗತ್ತಿನಲ್ಲಿ ಇದಕ್ಕಿಂತ ಗಟ್ಟಿ ಕಾವಲು ಇನ್ನೊಂದಿರಲಿಲ್ಲ. ಕಾವಲಿಟ್ಟವನು ನಾನೇ.

"ರೀ, ಹತ್ತಿದ್ದು ಹತ್ತಿದ್ರಿ, ಶೆಟ್ಟಿ ಅಂಗಡಿ ಬೊಂಬೆ ಡಬ್ಬ ಇಳಿಸ್ಬಿಡಿ" ಎಂದು ಕೆಳಗಿನಿಂದ ವಾರಿಜಾ ಕೂಗಿದಳು. ಇಳಿಸಿದೆ.

ಅಟ್ಟದಿಂದ ಇಳಿದ ಮೇಲೂ ನನಗೆ ಸೋಲು ಒಪ್ಪಲು ಮನಸ್ಸಾಗಲಿಲ್ಲ. ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿಗೆ ಹೋಗಿ ಅಳತೆಯ ಪುಟದವರೆಗೆ ಮಾತ್ರ ಜೆರಾಕ್ಸ್ ಮಾಡಿಸಿದೆ. ಕೊನೆಯ ಪುಟದ್ದನ್ನು ಮಾಡಿಸದೆಯೇ ಬರಬಹುದಿತ್ತು. ಅಂಗಡಿಯವನು ಇದು ಬೇಡವೇ ಎಂದು ಕೇಳಿದಾಗ ಅದನ್ನೂ ಒಂದು ಬೇರೆ ಮಾಡಿಕೊಡು ಎಂದು ಮಾಡಿಸಿ, ಮಡಚಿ ಜೇಬಿಗಿಟ್ಟುಕೊಂಡೆ. ಯಾಕೆಂದು ಆಗ ನನ್ನನ್ನು ಕೇಳಿದ್ದರೆ ಗದರಿಬಿಡುತ್ತಿದ್ದೆ.

ವರದಿ ಬರೆದೆ. ಆ ಕೆಲಸದಲ್ಲಿ ನಾನು ಅಷ್ಟು ಹುರುಪಿನಿಂದ ಬೇರೆ ಯಾವ ವರದಿಯನ್ನೂ ಬರೆದಿರಲಿಲ್ಲ. ನಡುವೆ ಶೈಲಶ್ರೀಯ ಫೋನು ಬಂತು. "ಸರ್, ಆಯುಧಪೂಜಿಗೆ ಈ ಸಲ ಆದ್ರೂ ಬರ್ರಿ. ಮೇಡಂನೂ ಕರ್ಕೊಂಡ ಬರ್ರಿ. ನಿಮಗ ಒಂದ ತೋರ್ಸೋದೈತ್ರಿ." ಏನು ತೋರಿಸುತ್ತಾಳೆ, ಪೇಟೆಂಟಿನ ಸರ್ಟಿಫಿಕೇಟು ತಾನೇ ಎಂದುಕೊಂಡು, "ನೋಡೋಣಮ್ಮ" ಎಂದು ಫೋನಿಟ್ಟೆ.

ಸೇತುರಾಮ ವರದಿಯನ್ನು ನಿಧಾನವಾಗಿ ಓದಿದ. ಪ್ರಬಂಧದ ಲೇಖಕನ ಹೆಸರು ಕಂಡಾಗ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದ. "ಎಂ. ಬದರಿನಾಥ. ನೀವೇನಾ ಸಾರ್? ಸಖತ್ತಾಗಿದೆ ಇದು. ಅಮೆರಿಕದವ್ರು ಕುಣಿದಾಡ್ತಾರೆ."

ನಾನು ವಿನಯದಿಂದ ಟೇಬಲ್ಲಿನ ಗಾಜು ನೋಡಿದೆ.

"ಒಂದೇ ಪ್ರಶ್ನೆ. ಕೋರ್ಟಲ್ಲಿ ಮೊದ್ಲು ಕೇಳೋದೇ ಇದು" ಎಂದ. "ನಮ್ಮ ಸಾಧಾರಣ ಮನುಷ್ಯ ಇದಾನಲ್ಲ, ಎಲ್ಲ ಓದಿರೋನು. ಅವನ ಕೈಗೆ ಹೀಗೆ ಸಮನಾಗಿ ಸವೆದಿರೋ ಬಿಲ್ಲೆ ಸಿಕ್ಕಿದೆ ಅಂತಿಟ್ಕೊಳ್ಳಿ. ಅವನು ಏನ್ ಮಾಡ್ತಿದ್ದ?"

ವರದಿಯಲ್ಲಿ ಉತ್ತರ ಬರೆದಿಟ್ಟಿದ್ದೆ. ಅವನು ಕೂಡಲೇ ಅದನ್ನು ಮೆಟ್ಟಿಲು ಮಾಡಲು ಬಳಸುತ್ತಿದ್ದ ಎಂದು. ಅದನ್ನೇ ಹೇಳಲು ಬಾಯಿ ತೆರೆದೆ. ಆದರೆ ಆ ಮನುಷ್ಯ ನನಗೆ ಎದುರಿಗೆ ನಿಂತ ಹಾಗೆ ಕಂಡ. ಎಲ್ಲ ಓದಿದ್ದ, ಏನೂ ಮರೆಯದ, ಬಿಳಿ ಗೌನು ಹಾಕಿದ, ಎಲ್ಲರೂ ಹೊಗಳುತ್ತಿದ್ದ ಮನುಷ್ಯ. ಅವನ ಕೈಗೆ ಬಿಲ್ಲೆ ನಿಜವಾಗಿಯೂ ಸಿಕ್ಕಿತ್ತು. ಅದೂ ನಾಲ್ಕೂ ಕಡೆ ಸಮ ಸವೆದಿದೆ ನೋಡಿ ಎಂದು ಪಕ್ಕದಲ್ಲೇ ಒಬ್ಬಳು ಹೇಳುತ್ತಿರುವಾಗ. ಅಂಥವನಿಗೂ ಇದು ಹೊಳೆಯುತ್ತಿತ್ತು ಎಂದು ನಾನು ಸಹಿ ಹಾಕಿದರೆ, ಅವನಿಗೆ ಹೊಳೆಯಲಿಲ್ಲವಲ್ಲ, ಹಾಗಾದರೆ ಅವನು ಏನು? ಸಾಧಾರಣನಿಗಿಂತ ಕಡೆ. ಶೈಲಶ್ರೀ ಜಾಣೆ ಎಂದು ಬರೆಯುವುದು ನನಗೆ ಕಷ್ಟವಾಗಿತ್ತು. ನಾನು ದಡ್ಡ ಎಂದು ಬರೆದು ಅಮೆರಿಕಕ್ಕೆ ಕಳಿಸುವುದು ಅದಕ್ಕಿಂತ ಕಷ್ಟವಾಯಿತು.

"ಬಿಸಾಕ್ತಿದ್ದ" ಎಂದೆ.

"ಏನಂದ್ರಿ?"

"ಆ ಬಿಲ್ಲೇನ ಬಿಸಾಕ್ತಿದ್ದ ಸೇತುರಾಮ್. ಪಕ್ಕದಲ್ಲಿರೋರಿಗೂ ಬಿಸಾಕು ಅಂತಿದ್ದ." ಜೇಬಿನಿಂದ ಕೊನೆಯ ಪುಟ ತೆಗೆದು ಮೇಜಿನ ಮೇಲಿಟ್ಟೆ.

ಸೇತುರಾಮ ಅದನ್ನು ಎರಡು ಸಲ ಓದಿದ. ಆಮೇಲೆ, "ಈ ಶೈಲಶ್ರೀ ಅವ್ರು ನಿಮ್ಮ ಕೈಕೆಳಗೆ ಇದ್ರಾ?" ಎಂದ. ಹೌದೆಂದೆ. "ಮೊದಲ ದಿನಾನೇ ಹೇಳ್ಬೇಕಿತ್ತು ಸಾರ್. ಈ ಕೇಸ್ ನೀವು ಮುಟ್ಟೋ ಹಾಗೇ ಇರಲಿಲ್ಲ" ಎಂದು ವರದಿಯನ್ನು ಎರಡಾಗಿ ಹರಿದು ಬುಟ್ಟಿಗೆ ಹಾಕಿದ. ಅವನು ದನಿ ಏರಿಸದೆ ಹೇಳಿದ್ದರಿಂದ ಇನ್ನೂ ಚುಚ್ಚಿತು.

"ಬೇರೆಯವರಿಗೆ ಕೊಡ್ತೀರಾ?" ಎಂದೆ.

"ಕೊಡ್ತೀನಿ. ಆದ್ರೆ ಯಾರೇ ಹುಡುಕಿದ್ರೂ ಮೊದ್ಲು ಸಿಗೋದು ನಿಮ್ಮ ಪ್ರಬಂಧಾನೇ. ಅದಿರೋ ತನಕ ಆ ಪೇಟೆಂಟ್ ಅಲ್ಲಾಡಲ್ಲ." ಬಾಗಿಲವರೆಗೆ ಬಂದು, "ಹೊರಗೆ ಎಲ್ಲೂ ಬಾಯಿ ಬಿಡ್ಬೇಡಿ" ಎಂದ. ಅದನ್ನು ಹೇಳುವ ಅಗತ್ಯವಿರಲಿಲ್ಲ. ಇದನ್ನು ಯಾರ ಮುಂದೆ ಹೇಳಿಕೊಂಡು ಮೆರೆಯಲಿ?

ಆಯುಧಪೂಜೆಯ ದಿನ ವಾರಿಜಾ ಬೆಳಿಗ್ಗೆಯೇ ರೇಷ್ಮೆ ಸೀರೆ ಉಟ್ಟು ತಯಾರಾಗಿದ್ದಳು. ಶೈಲಶ್ರೀ ಅವಳಿಗೂ ಬೇರೆಯಾಗಿ ಫೋನು ಮಾಡಿದ್ದಳಂತೆ. ಇನ್ನು ನನ್ನ ನೆಪಗಳು ನಡೆಯುವಂತಿರಲಿಲ್ಲ. ಬನಶಂಕರಿ ದೇವಸ್ಥಾನ ದಾಟಿ, ಬಾಳೆಕಂಬ ಕಟ್ಟಿಕೊಂಡ ಬಸ್ಸು ಆಟೋಗಳ ನಡುವೆ ತೆವಳಿ, ಕನಕಪುರ ರಸ್ತೆಯಿಂದ ಒಳಗೆ ತಿರುಗಿದರೆ ಅವಳ ಕಂಪನಿ. ಶೀಟು ಹೊದಿಸಿದ ಚಿಕ್ಕ ಕಟ್ಟಡ. ನಮ್ಮಲ್ಲಿದ್ದ ಹಾಗೆಯೇ ಗಾಜಿನಾಚೆ ಯಂತ್ರಗಳು, ಈಚೆ ಪೂಜೆ. ಇಷ್ಟೇನಾ ಇವಳ ಸಾಮ್ರಾಜ್ಯ ಎಂದು ಒಂದು ಕ್ಷಣ ಸಮಾಧಾನವಾಯಿತು.

ಶೈಲಶ್ರೀ ಬಂದು ಕಾಲು ಮುಟ್ಟಿದಳು. ತನ್ನವರನ್ನೆಲ್ಲ ಕರೆದು, "ಇವರ ನಮ್ಮ ಗುರುಗಳು. ನಾ ಏನ್ ಕಲ್ತೀನಿ ಎಲ್ಲಾ ಇವರ ಕಡೆಯಿಂದ" ಎಂದಳು. ಆ ಮಾತಿನಲ್ಲಿ ಒಂದು ಚೂರೂ ಕಪಟವಿರಲಿಲ್ಲ. ಇದ್ದಿದ್ದರೆ ಸಹಿಸಿಕೊಳ್ಳುವುದು ಸುಲಭವಿತ್ತು.

ಪೂಜೆಯ ತಟ್ಟೆಯಲ್ಲಿ ಸ್ಪ್ಯಾನರು, ಚಿಮುಟ, ಮೈಕ್ರೋಸ್ಕೋಪಿನ ಮಸೂರ. ನಡುವೆ, ಒಂದು ಚಿಕ್ಕ ಡಬ್ಬಿಯಲ್ಲಿ, ಸಿಲಿಕಾನಿನ ಬಿಲ್ಲೆ. ಅಂಚಿನಲ್ಲಿ ಗೀಚಿದ ಲಾಟ್ ನಂಬರಿನ ಕೈಬರಹ ನನ್ನದೇ.

"ಇದ ನೋಡ್ರಿ ಸರ್ ತೋರ್ಸೋದಿತ್ತು" ಎಂದಳು ಶೈಲಶ್ರೀ. "ನೀವು ಒಗಿ ಅಂದಿದ್ರಿ. ನಾ ಒಗೀಲಿಲ್ಲ. ಸಿಟ್ಟ ಮಾಡ್ಕೋಬ್ಯಾಡ್ರಿ."

"ಒಳ್ಳೇದು ಮಾಡಿದೆಯಮ್ಮ" ಎಂದೆ. ವಾರಿಜಾ ಬಿಲ್ಲೆಯನ್ನೂ ನನ್ನನ್ನೂ ನೋಡಿದಳು. ಸೋಪು ಸವೆದ ಕಥೆ ಯಾರದೆಂದು ಅವಳಿಗೆ ಆಗಲೇ ಗೊತ್ತಾಗಿಹೋಯಿತು.

ಪುರೋಹಿತರು ಗಂಟೆ ಬಾರಿಸಲು ಶುರು ಮಾಡಿದರು. ಆ ಸದ್ದಿನ ಕೆಳಗೆ ನನ್ನ ಕಿವಿಗೆ ಇನ್ನೊಂದು ಸದ್ದು ಬಿತ್ತು. ಗಾಜಿನಾಚೆ ಪಂಪು ಓಡುತ್ತಿತ್ತು. ಆ ಗುಂಯ್ ಎನ್ನುವ ಸದ್ದನ್ನು ನಿದ್ದೆಯಲ್ಲೂ ಗುರುತಿಸುತ್ತೇನೆ. ಪ್ಲಾಸ್ಮಾ ಯಂತ್ರ ಚಾಲೂ ಇತ್ತು, ಅದರ ಮುಂದೆ ಯಾರೂ ಇರಲಿಲ್ಲ. ಕೊನೆಗೂ ಇವಳ ಒಂದು ತಪ್ಪು ಸಿಕ್ಕಿತಲ್ಲ ಎಂದು ಜೀವ ತಂಪಾಯಿತು.

"ಶೈಲಶ್ರೀ, ಆ ಮೆಷಿನ್ ಆಫ್ ಮಾಡೋದು ಮರೆತಿದೀರಿ" ಎಂದೆ, ಆದಷ್ಟು ಮೆಲ್ಲಗೆ. "ನನ್ನ ಸುತ್ತೋಲೆ ಮರೆತುಹೋಯ್ತಾ?"

"ಮರ್ತಿಲ್ರಿ ಸರ್" ಎಂದಳು. "ಪ್ರತಿ ವರ್ಷ ಆಯುಧಪೂಜಿ ದಿವ್ಸ ಒಂದ್ ಮಷೀನ್ ಬೇಕಂತ್ಲೇ ಹಂಗ ಬಿಡ್ತೇವ್ರಿ. ಒಳಗ ಏನಾರ ಇಟ್ಟು ಪೂಜಿಗೆ ಬಂದ್ಬಿಡೋದು. ಯಾರೂ ನೋಡದಿದ್ದಾಗ ಅದು ಏನ್ ಮಾಡ್ತೈತಿ ಅಂತ ಮರುದಿನ ತಗದು ನೋಡ್ತೇವ್ರಿ."

ಅಷ್ಟರಲ್ಲಿ ಮಂಗಳಾರತಿ ನನ್ನ ಮುಂದೆ ಬಂತು. ಎರಡೂ ಕೈ ಚಾಚಿ ಕಣ್ಣಿಗೊತ್ತಿಕೊಂಡೆ. ಗಾಜಿನಾಚೆ ಪಂಪು ಓಡುತ್ತಲೇ ಇತ್ತು. ಇದೂ ನನಗೆ ಹೊಳೆದಿರಲಿಲ್ಲ.